ದಾಂಪತ್ಯ, ಮನೆ ಮತ್ತು ಮಗು: ಮೂರು ಕನ್ನಡ ಕಾದಂಬರಿಗಳ ಪರಿಶೀಲನೆ

ಕನ್ನಡದ ಸಾಮಾಜಿಕ ಕಾದಂಬರಿಗಳನ್ನು ಕುರಿತು ನಮ್ಮ ತರಗತಿಗಳಲ್ಲಿ ಒಂದು ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ದಾಂಪತ್ಯವು ದೃಢವಾಗಿದ್ದರೆ ಮನೆ ನಿಲ್ಲುತ್ತದೆ, ಮನೆ ನಿಂತರೆ ಮಕ್ಕಳು ಸನ್ಮಾರ್ಗದಲ್ಲಿ ಬೆಳೆಯುತ್ತಾರೆ, ಮಕ್ಕಳು ಹಾಗೆ ಬೆಳೆದರೆ ಸಮಾಜವು ಸುಸ್ಥಿತಿಯಲ್ಲಿರುತ್ತದೆ. ನಮ್ಮ ಹಿರಿಯ ಕಾದಂಬರಿಕಾರರು ನೂರಾರು ಪುಟಗಳಲ್ಲಿ ಪ್ರತಿಪಾದಿಸಿರುವುದು ಇದನ್ನೇ ಎಂಬುದು ಆ ಮಾತು. ವಿದ್ಯಾರ್ಥಿಗಳು ಇದನ್ನು ಉತ್ತರಪತ್ರಿಕೆಗಳಲ್ಲಿ ಬರೆಯುತ್ತಾರೆ. ಅಧ್ಯಾಪಕರು ಅದಕ್ಕೆ ಅಂಕಗಳನ್ನು ಕೊಡುತ್ತಾರೆ. ಕೇಳುವುದಕ್ಕೆ ಹಿತವಾಗಿಯೂ ಒಪ್ಪುವುದಕ್ಕೆ ಸುಲಭವಾಗಿಯೂ ಇರುವ ಈ ಮಾತು ಕೃತಿಗಳಿಂದ ಹುಟ್ಟಿದುದೋ, ಅಥವಾ ಕೃತಿಗಳನ್ನು ತೆರೆಯುವ ಮೊದಲೇ ನಮ್ಮಲ್ಲಿ ಸಿದ್ಧವಾಗಿದ್ದುದೋ ಎಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಇದು ಬರಿಯ ಪಾಂಡಿತ್ಯದ ವಿಷಯವಲ್ಲ. ನಮ್ಮ ಎದುರಿಗೆ ಬೆಂಚುಗಳ ಮೇಲೆ ಕುಳಿತು ಪಾಠ ಕೇಳುವವರಲ್ಲಿ ತಂದೆಯನ್ನು ಕಾಣದವರಿದ್ದಾರೆ; ತಾಯಿ ಮರುಮದುವೆಯಾದವರಿದ್ದಾರೆ; ಅಜ್ಜಿಯ ಆಶ್ರಯದಲ್ಲಿ, ಸೋದರಮಾವನ ಮನೆಯಲ್ಲಿ, ಹಾಸ್ಟೆಲಿನಲ್ಲಿ ಬೆಳೆದವರಿದ್ದಾರೆ. ಮುರಿದ ದಾಂಪತ್ಯದ ಮಕ್ಕಳು ಕೆಡುತ್ತಾರೆ ಎಂಬ ತೀರ್ಮಾನವನ್ನು ಕಾರಂತರ ಅಥವಾ ಭೈರಪ್ಪನವರ ಹೆಸರಿನಲ್ಲಿ ಅವರ ಮುಂದೆ ಇಡುವಾಗ ಅದು ಕೃತಿಯಲ್ಲಿ ನಿಜವಾಗಿಯೂ ಇದೆಯೇ ಎಂದು ನೋಡಿಕೊಳ್ಳುವ ಹೊಣೆ ನಮ್ಮದು. ಕಾದಂಬರಿ ಹೇಳದೆ ಇದ್ದುದನ್ನು ಕಾದಂಬರಿಯ ಬಾಯಿಂದ ಹೇಳಿಸುವುದು ವಿಮರ್ಶೆಯಲ್ಲಿ ಸಣ್ಣ ತಪ್ಪೇನಲ್ಲ.

ನಾವಿಲ್ಲಿ ಮೂರು ಕೃತಿಗಳನ್ನು ಆರಿಸಿಕೊಂಡಿದ್ದೇವೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ 1940ರ ದಶಕದ ಆರಂಭದಲ್ಲಿ ಪ್ರಕಟವಾದುದು, ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ 1965ರಲ್ಲಿಯೂ ‘ಗೃಹಭಂಗ’ 1970ರಲ್ಲಿಯೂ ಹೊರಬಂದವು. ಮೂರೂ ವಾಚಕರ ಮನ್ನಣೆಯನ್ನು ಪಡೆದು ಇಂದಿಗೂ ಓದಿಸಿಕೊಳ್ಳುತ್ತಿರುವ ಕೃತಿಗಳು. ಮೂರರಲ್ಲಿಯೂ ಮನೆಯೇ ವಸ್ತು, ಮಗುವೇ ಪಣ. ಕಥಾಸಾರವನ್ನು ಬಲ್ಲ ವಾಚಕರನ್ನು ಉದ್ದೇಶಿಸಿ ಬರೆಯುತ್ತಿರುವುದರಿಂದ ವಾದಕ್ಕೆ ಅಗತ್ಯವಾದಷ್ಟು ಕಥೆಯನ್ನು ಮಾತ್ರ ಇಲ್ಲಿ ಹೇಳಲಾಗುವುದು.

ಮೊದಲು ಪದಗಳ ವಿಷಯ. ದಾಂಪತ್ಯ, ಮನೆ, ಕುಟುಂಬ, ವಂಶ ಎಂಬ ನಾಲ್ಕು ಮಾತುಗಳನ್ನು ನಾವು ಒಂದರ ಬದಲಿಗೆ ಇನ್ನೊಂದನ್ನಿಟ್ಟು ಬಳಸುತ್ತೇವೆ. ದಾಂಪತ್ಯವು ಇಬ್ಬರ ಸಂಬಂಧ. ಮನೆಯೆಂದರೆ ಒಂದು ಒಲೆಯ ಅನ್ನ ಉಣ್ಣುವವರ ಕೂಟ. ಕುಟುಂಬವು ಅದಕ್ಕಿಂತ ವಿಸ್ತಾರವಾದ ನಂಟು. ವಂಶವಾದರೋ ಸತ್ತವರನ್ನೂ ಹುಟ್ಟಬೇಕಾದವರನ್ನೂ ಒಳಗೊಂಡ ಕಲ್ಪನೆ. ಎ. ಎಂ. ಶಾ ಅವರು 1970ರ ದಶಕದಲ್ಲಿ ಗುಜರಾತಿನ ಸಾಮಗ್ರಿಯನ್ನು ಹಿಡಿದು ಮನೆಯನ್ನೂ ಕುಟುಂಬವನ್ನೂ ಬೇರೆಬೇರೆಯಾಗಿ ನೋಡಬೇಕೆಂದು ಒತ್ತಿ ಹೇಳಿದರು. ಎಂ. ಎನ್. ಶ್ರೀನಿವಾಸರು ಮೈಸೂರಿನ ವಿವಾಹ ಮತ್ತು ಕುಟುಂಬಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವು 1942ರಲ್ಲಿ, ಎಂದರೆ ಬಹುಮಟ್ಟಿಗೆ ‘ಮರಳಿ ಮಣ್ಣಿಗೆ’ಯ ಕಾಲದಲ್ಲಿಯೇ, ಬಂದಿತೆಂಬುದನ್ನು ಇಲ್ಲಿ ನೆನೆಯಬಹುದು. ಸಮಾಜಶಾಸ್ತ್ರಜ್ಞನೂ ಕಾದಂಬರಿಕಾರನೂ ಒಂದೇ ಕಾಲದಲ್ಲಿ ಒಂದೇ ವಸ್ತುವಿನ ಕಡೆಗೆ ಬೇರೆಬೇರೆ ದಾರಿಗಳಿಂದ ನಡೆದು ಬಂದರು.

ಈ ಪದಗಳು ಬೇರೆಬೇರೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕಾರಂತರ ಜಿಲ್ಲೆಯಲ್ಲಿಯೇ, ಅವರ ಕಾದಂಬರಿಯ ಬ್ರಾಹ್ಮಣ ಮನೆಗಳ ನೆರೆಯಲ್ಲಿಯೇ, ಅಳಿಯಸಂತಾನದ ಪದ್ಧತಿ ನಡೆದುಬಂದಿತ್ತು. ಅಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದುದು. ಆಸ್ತಿ ಸೋದರಿಯ ಮಕ್ಕಳಿಗೆ ಹೋಗುವಂಥದು. ಕುಟುಂಬದ ಹಿರಿಯ ಗಂಡಸು ಯಜಮಾನನಾದರೆ ಹಿರಿಯ ಹೆಂಗಸು ಯಜಮಾನಿಯಾಗಲೂ ಬಹುದಾಗಿತ್ತು. ಗಂಡಹೆಂಡಿರು ಬೇರೆಯಾದರೂ ಮಗು ಮಲಗುವ ಜಾಗ ಬದಲಾಗುತ್ತಿರಲಿಲ್ಲ. 1949ರ ಮದರಾಸಿನ ಶಾಸನವು ಈ ಕುಟುಂಬಗಳಲ್ಲಿ ವಿಭಾಗಕ್ಕೆ ಅವಕಾಶ ಕಲ್ಪಿಸಿದ ಮೇಲೆ ಪದ್ಧತಿಯು ಕ್ರಮೇಣ ಸಡಿಲವಾಯಿತು. ಅದರಲ್ಲಿಯೂ ಜಗಳಗಳಿದ್ದವು, ಯಜಮಾನನ ದಬ್ಬಾಳಿಕೆಯ ಮೇಲೆ ಹೂಡಿದ ವ್ಯಾಜ್ಯಗಳಿಗೆ ಕೊರತೆಯಿರಲಿಲ್ಲ. ಅದನ್ನು ಆದರ್ಶವೆಂದು ನಾವು ಹೇಳುತ್ತಿಲ್ಲ. ದಾಂಪತ್ಯದ ಸ್ಥಿರತೆ ಒಂದು, ಮಗುವಿನ ನೆಲೆಯ ಸ್ಥಿರತೆ ಇನ್ನೊಂದು ಎಂಬುದನ್ನು ಕಂಡುಕೊಳ್ಳುವುದಕ್ಕೆ ಅಷ್ಟು ಉದಾಹರಣೆ ಸಾಕು.

ಇನ್ನು ಕಾದಂಬರಿಗಳಿಗೆ ಬರುವ ಮುನ್ನ ಒಂದು ಹೆಜ್ಜೆ ಹಿಂದೆ ಹೋಗಬೇಕು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಪ್ರಕಟವಾಯಿತು. ಎಳೆಯ ವಿಧವೆಯೊಬ್ಬಳು ಮನೆಬಿಟ್ಟು ಹೊರಟು, ವಿದ್ಯೆ ಕಲಿತು, ಮರುಮದುವೆಯಾಗುವ ಕಥೆಯದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಅದಕ್ಕೆ ಗೌರವ ಸಂದಿದೆ. ಅದರ ಸುಧಾರಕ ಧೈರ್ಯವನ್ನು ಎಲ್ಲರೂ ಮೆಚ್ಚಿದ್ದಾರೆ. ಆದರೆ ಇಂದಿರೆಗೆ ಮಗುವಿಲ್ಲ ಎಂಬ ಸರಳವಾದ ಸಂಗತಿಯನ್ನು ನಮ್ಮ ಚರ್ಚೆಗಳು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ. ಮಗುವಿಲ್ಲದ ವಿಧವೆಯ ಮರುಮದುವೆಯಲ್ಲಿ ಎದುರಾಗುವವರು ಹಿರಿಯರು ಮತ್ತು ಶಾಸ್ತ್ರಿಗಳು ಮಾತ್ರ. ಅವರನ್ನು ವಾದದಲ್ಲಿ ಸೋಲಿಸಬಹುದು, ಅವರ ಕಪಟವನ್ನು ಬಯಲಿಗೆಳೆಯಬಹುದು. ತೊಟ್ಟಿಲಲ್ಲಿರುವವನನ್ನು ವಾದದಲ್ಲಿ ಸೋಲಿಸುವುದು ಹೇಗೆ? ಆರುವತ್ತಾರು ವರ್ಷಗಳ ಅನಂತರ ‘ವಂಶವೃಕ್ಷ’ವು ಅದೇ ವಿಧವೆಯ ಮಡಿಲಲ್ಲಿ ಒಬ್ಬ ಮಗನನ್ನಿಟ್ಟು ಅದೇ ಪ್ರಶ್ನೆಯನ್ನು ಮತ್ತೆ ಕೇಳಿತು. ಸುಧಾರಣೆಯ ಕಾದಂಬರಿ ಮುಗಿಸಿದೆನೆಂದು ಭಾವಿಸಿದ್ದ ಲೆಕ್ಕವನ್ನು ಹೊಸದಾಗಿ ಬರೆಯಬೇಕಾಗಿ ಬಂತು. ಈ ದೃಷ್ಟಿಯಿಂದ ‘ವಂಶವೃಕ್ಷ’ವನ್ನು ಪ್ರತಿಗಾಮಿಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಅದರ ಪ್ರಶ್ನೆಯ ಗುರುತ್ವವನ್ನೇ ಅರಿತಿಲ್ಲವೆನ್ನಬೇಕಾಗುತ್ತದೆ. ಉತ್ತರದ ಮಾತು ಬೇರೆ. ಅದಕ್ಕೆ ಮುಂದೆ ಬರುತ್ತೇವೆ.

‘ಮರಳಿ ಮಣ್ಣಿಗೆ’ಯಲ್ಲಿ ಕೋಡಿಯ ರಾಮ ಐತಾಳರಿಗೆ ಪಾರ್ವತಿಯಲ್ಲಿ ಮಕ್ಕಳಾಗಲಿಲ್ಲ. ವಿಧವೆಯಾಗಿ ತವರಿಗೆ ಬಂದ ತಂಗಿ ಸರಸ್ವತಿಯೂ ಪಾರ್ವತಿಯೂ ಕೂಡಿ ಕಡಲಿಗೂ ಹೊಳೆಗೂ ನಡುವಣ ಆ ಮನೆಯನ್ನು ಹೊತ್ತಿದ್ದಾರೆ. ‘ಹೊತ್ತಿದ್ದಾರೆ’ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕು: ಮಳೆಗಾಲದಲ್ಲಿ ನೀರಿನಲ್ಲಿ ತೇಲಿಬರುವ ಸೌದೆಯನ್ನು ಹಿಡಿಯುವುದರಿಂದ ಹಿಡಿದು ತರಕಾರಿಯ ಸಾಲುಗಳವರೆಗೆ ಆ ಮನೆಯ ದುಡಿಮೆಯೆಲ್ಲ ಅವರ ತಲೆಯ ಮೇಲೆಯೇ. ಐತಾಳರು ಸಂತಾನಾರ್ಥವಾಗಿ ಸತ್ಯಭಾಮೆಯನ್ನು ತಂದುಕೊಳ್ಳುತ್ತಾರೆ. ಅಂದಿನ ಧರ್ಮಶಾಸ್ತ್ರಕ್ಕಾಗಲಿ ಕಾನೂನಿಗಾಗಲಿ ಇದರಲ್ಲಿ ಅಡ್ಡಿಯಿರಲಿಲ್ಲ. ಮದರಾಸು ಪ್ರಾಂತದಲ್ಲಿ ದ್ವಿಪತ್ನೀತ್ವಕ್ಕೆ ನಿಷೇಧ ಬಂದುದು 1949ರಲ್ಲಿ. ದೇಶದ ಹಿಂದೂಗಳಿಗೆ ಅದು ಸಾಮಾನ್ಯ ನಿಯಮವಾದುದು 1955ರ ವಿವಾಹ ಶಾಸನದಿಂದ. ಊರಿನ ಕಣ್ಣಿಗೆ ಐತಾಳರ ಮನೆ ಒಡೆದಿಲ್ಲ. ಇನ್ನೊಂದು ಕೈ ಸೇರಿ ಗಟ್ಟಿಯಾಗಿದೆ. ಒಳಗೆ ಪಾರ್ವತಿ ಮಾತಿಲ್ಲದೆ ನುಂಗಿದ್ದನ್ನು ಕಾರಂತರು ಕೂಗಿ ಹೇಳುವುದಿಲ್ಲ. ಅವಳ ಕೆಲಸಗಳು ಒಂದೂ ನಿಲ್ಲುವುದಿಲ್ಲ ಎಂಬುದನ್ನಷ್ಟೇ ತೋರಿಸುತ್ತಾರೆ. ಇದು ಕಾರಂತರ ಕಲೆಯ ಶ್ರೇಷ್ಠ ಭಾಗಗಳಲ್ಲೊಂದು.

ಹೀಗೆ ಬಯಸಿ ಬಯಸಿ ಪಡೆದ ಮಗ ಲಚ್ಚ. ಜೀವಂತನಾದ ತಂದೆ, ಹೆತ್ತ ತಾಯಿ, ಅವಳಿಗಿಂತ ಹೆಚ್ಚಾಗಿ ಹಚ್ಚಿಕೊಂಡ ದೊಡ್ಡಮ್ಮ, ಸೋದರತ್ತೆ, ನೆಲ, ಹೊಟ್ಟೆತುಂಬ ಅನ್ನ, ಮುಂದೆ ಇಂಗ್ಲಿಷ್ ವಿದ್ಯೆ; ಮೇಲೆ ಹೇಳಿದ ಸರಪಣಿಯ ಎಲ್ಲ ಕೊಂಡಿಗಳೂ ಇಲ್ಲಿ ಭದ್ರವಾಗಿವೆ. ಅವನೇ ಮನೆಯನ್ನು ತಿಂದವನು. ದುಶ್ಚಟಗಳು, ಸಾಲ, ಹೆಂಡತಿ ನಾಗವೇಣಿಗೆ ಅಂಟಿಸಿದ ರೋಗ, ಅದರಿಂದ ಉಳಿಯದೆಹೋದ ಶಿಶುಗಳು: ಇವೆಲ್ಲವೂ ಕಾದಂಬರಿಯಲ್ಲಿ ಬಹು ಸಂಯಮದಿಂದ, ಆದರೆ ಯಾವ ಮುಚ್ಚುಮರೆಯೂ ಇಲ್ಲದೆ ಬಂದಿವೆ. ಇವನ ಮಗ ರಾಮ. ತಂದೆ ಇದ್ದೂ ಇಲ್ಲದವನು; ತಾಯಿ ಗಂಡನಿದ್ದೂ ಒಂಟಿ; ಮನೆ ಕರಗಿದೆ. ಸರಪಣಿಯ ನಿಯಮದ ಪ್ರಕಾರ ಕೆಡಬೇಕಾದವನು ಈ ಹುಡುಗ. ಮದರಾಸು, ಚಳವಳಿ, ಮುಂಬಯಿ, ನಿರುದ್ಯೋಗ ಎಂದು ಅಲೆದು ಕಡೆಗೆ ಕೋಡಿಯ ಮಣ್ಣಿಗೆ ಮರಳಿ, ತಾಯಿಯ ಪಕ್ಕದಲ್ಲಿ ನಿಲ್ಲುವವನೂ ಇವನೇ.

ಹಾಗಾದರೆ ಕಾರಂತರು ಸ್ಥಿರವಾದ ಮನೆ ಕೆಡಿಸುತ್ತದೆ, ಮುರಿದ ಮನೆ ಬೆಳೆಸುತ್ತದೆ ಎನ್ನುತ್ತಿದ್ದಾರೆಯೇ? ಅಷ್ಟು ಒರಟಾದ ತಲೆಕೆಳಗು ಅವರ ಸ್ವಭಾವದಲ್ಲಿಲ್ಲ. ಇಬ್ಬರು ಹುಡುಗರ ಬಾಲ್ಯಗಳನ್ನು ಜೋಡಿಸಿ ಓದಿದರೆ ಒಂದು ವ್ಯತ್ಯಾಸ ಗೋಚರಿಸುತ್ತದೆ. ಲಚ್ಚನಿಗೆ ಮನೆಯ ದುಡಿಮೆ ಕಾಣಿಸಲೇ ಇಲ್ಲ. ಅನ್ನ ಎಲ್ಲಿಂದ ಬರುತ್ತದೆಂಬುದು ಅವನಿಗೆ ತಿಳಿಯದಂತೆ ನಾಲ್ಕು ಜನ ಹಿರಿಯರು ಪ್ರೀತಿಯಿಂದ ಅವನ ಕಣ್ಣು ಮುಚ್ಚಿದರು. ರಾಮನ ಕಣ್ಣಿಗೆ ತಾಯಿಯ ಕೈಯೇ ಎದುರಿಗೆ ಕಾಣುತ್ತದೆ. ಅವಳು ಪಟ್ಟಪಾಡನ್ನು ಅವನಿಂದ ಮರೆಮಾಚುವ ಸೌಕರ್ಯ ಆ ಮನೆಗೆ ಉಳಿದಿರಲಿಲ್ಲ. ನಾಗವೇಣಿ ಪಿಟೀಲು ನುಡಿಸುವ ಸನ್ನಿವೇಶಗಳನ್ನು ಕೇವಲ ರಸಪುಷ್ಟಿಗಾಗಿ ಇಟ್ಟವೆಂದು ಕೆಲವರು ಓದುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಕಷ್ಟದ ನಡುವೆ ತಾಯಿಗೆ ತನ್ನದೆಂಬ ಒಂದು ಸುಖವಿದೆ, ಅದರಲ್ಲಿ ಮಗನಿಗೂ ಪಾಲಿದೆ ಎಂಬುದು ಅಲ್ಲಿ ಸ್ಥಾಪಿತವಾಗುತ್ತದೆ. ಬರಿಯ ದುಃಖವನ್ನೇ ಕಂಡು ಬೆಳೆದಿದ್ದರೆ ರಾಮ ಮರಳಿ ಬರುತ್ತಿದ್ದನೇ ಎಂಬುದು ಸಂದೇಹ.

ಇಲ್ಲಿ ಸಮಾಜದ ಮಾತೂ ಸೇರಿದೆ. ಕೋಡಿಯಿಂದ ಗಂಡಸರು ಹೋಟೆಲಿನ ವ್ಯಾಪಾರಕ್ಕೆಂದು, ಓದಿಗೆಂದು, ನೌಕರಿಗೆಂದು ಘಟ್ಟ ಹತ್ತಿ ಹೋಗುತ್ತಾರೆ. ಕರಾವಳಿಯ ಇತಿಹಾಸ ಬಲ್ಲವರಿಗೆ ಇದು ಹೊಸದಲ್ಲ. ಹೋದವರ ಮನೆಗಳಲ್ಲಿ ಉಳಿದವರು ಹೆಂಗಸರು, ಮುದುಕರು, ಮಕ್ಕಳು. ದಾಂಪತ್ಯಗಳು ಮುರಿಯದೆಯೇ ಗಂಡಸರಿಲ್ಲದ ಮನೆಗಳು ಒಂದು ಪ್ರದೇಶದ ಸಾಮಾನ್ಯ ಲಕ್ಷಣವಾದವು. ಆ ಮನೆಗಳ ಮಕ್ಕಳೆಲ್ಲ ಕೆಟ್ಟರೆಂದು ಯಾರೂ ಹೇಳಲಾರರು. ಆದ್ದರಿಂದ ಕಾರಂತರು ಮೂರು ತಲೆಮಾರುಗಳ ಕಥೆಯಲ್ಲಿ ತೂಗಿ ನೋಡಿದ್ದು ಗಂಡಹೆಂಡಿರ ಕಟ್ಟನ್ನು ಮಾತ್ರವಲ್ಲ. ಮನೆಯ ಭಾರ ಯಾರ ಹೆಗಲಿಗೆ ಬಿತ್ತು, ಅದನ್ನು ಮಗು ಕಂಡಿತೇ ಇಲ್ಲವೇ ಎಂಬುದನ್ನು.

‘ವಂಶವೃಕ್ಷ’ದ ಜಗತ್ತು ಬೇರೆ. ಕಪಿಲೆಯ ದಡದ ನಂಜನಗೂಡು, ಧರ್ಮನಿಷ್ಠರಾದ ಶ್ರೀನಿವಾಸ ಶ್ರೋತ್ರಿಗಳು, ಹೊಳೆಯಲ್ಲಿ ಮುಳುಗಿ ತೀರಿಹೋದ ಮಗ ನಂಜುಂಡ, ವಿಧವೆ ಸೊಸೆ ಕಾತ್ಯಾಯಿನಿ, ಮೊಮ್ಮಗ ಚೀನಿ. ಕಾತ್ಯಾಯಿನಿ ಮೈಸೂರಿಗೆ ಹೋಗಿ ಓದುತ್ತಾಳೆ, ಅಧ್ಯಾಪಕ ರಾಜಾರಾವ್‌ನನ್ನು ಮದುವೆಯಾಗುತ್ತಾಳೆ. ಮಗುವನ್ನು ಕರೆದೊಯ್ಯಲೆಂದು ಬಂದು ಕಡೆಗೆ ಮಗುವಿಲ್ಲದೆ ಹಿಂದಿರುಗುತ್ತಾಳೆ. ಶ್ರೋತ್ರಿಗಳು ಬಲಾತ್ಕರಿಸುವುದಿಲ್ಲ; ನಿರ್ಧಾರವನ್ನು ಅವಳಿಗೇ ಬಿಡುತ್ತಾರೆ. ಈ ಪ್ರಕರಣವನ್ನು ಓದುವ ಯಾವ ಸಹೃದಯನೂ ಕಲಕಿಹೋಗದೆ ಇರಲಾರ. ಬಲಾತ್ಕಾರವಿದ್ದರೆ ಅವಳು ಪ್ರತಿಭಟಿಸಬಹುದಾಗಿತ್ತು. ಸೌಜನ್ಯದ ಎದುರಿಗೆ ಅವಳು ನಿರಾಯುಧಳಾದಳು.

ಇಲ್ಲಿ ಕಾನೂನಿನ ಇತಿಹಾಸವನ್ನು ಸ್ವಲ್ಪ ತಿಳಿದಿರುವುದು ಉಪಯುಕ್ತ. ಬ್ರಿಟಿಷ್ ಇಂಡಿಯಾದಲ್ಲಿ ವಿಧವಾ ವಿವಾಹವನ್ನು ಸಿಂಧುಗೊಳಿಸಿದ 1856ರ ಶಾಸನವನ್ನು ನಾವು ಬಿಡುಗಡೆಯ ಶಾಸನವೆಂದು ಪಾಠ ಹೇಳುತ್ತೇವೆ. ಅದರ ಎರಡನೆಯ ಕಲಮಿನ ಪ್ರಕಾರ ಮರುಮದುವೆಯಾದ ವಿಧವೆಯು ಸತ್ತ ಗಂಡನ ಆಸ್ತಿಯಲ್ಲಿ ತನಗಿದ್ದ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. ಮೂರನೆಯ ಕಲಮು, ಸತ್ತ ಗಂಡನ ಕಡೆಯ ಹಿರಿಯರು ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು ಮಕ್ಕಳಿಗೆ ಬೇರೊಬ್ಬ ಪೋಷಕನನ್ನು ನೇಮಿಸಿಕೊಳ್ಳಲು ಅವಕಾಶ ಮಾಡಿತ್ತು. ಮದುವೆಗೆ ಬಾಗಿಲು ತೆರೆದ ಕೈಯೇ ಮಗುವಿನ ಬಾಗಿಲನ್ನು ಅರ್ಧ ಮುಚ್ಚಿತು. ಈ ಶಾಸನ ರದ್ದಾದುದು 1983ರಲ್ಲಿ. ಅರಸರ ಮೈಸೂರು ಬ್ರಿಟಿಷ್ ಇಂಡಿಯಾದ ಹೊರಗಿದ್ದುದರಿಂದ ನಂಜನಗೂಡಿಗೆ ಆ ಕಲಮನ್ನು ನೇರವಾಗಿ ಹಚ್ಚುವಂತಿಲ್ಲವಾದರೂ ಅದರ ಹಿಂದಿನ ತರ್ಕ ಶ್ರೋತ್ರಿಗಳ ಮನೆಯಲ್ಲಿ ಉಸಿರಾಡುತ್ತಿದೆ: ಮಗು ತಾಯಿಯದಲ್ಲ, ವಂಶದ್ದು. 1956ರ ಅಪ್ರಾಪ್ತವಯಸ್ಕರ ಪೋಷಣೆಯ ಶಾಸನವು ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದೂ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯವೆಂದೂ ಹೇಳಿತು. ಆದರೂ ಸ್ವಾಭಾವಿಕ ಪೋಷಕರ ಸಾಲಿನಲ್ಲಿ ತಂದೆಯ ಅನಂತರವೇ ತಾಯಿಯನ್ನು ನಿಲ್ಲಿಸಿತು. ಆ ‘ಅನಂತರ’ಕ್ಕೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಹೇಳಬೇಕಾದರೆ 1999ನೆಯ ವರ್ಷ ಬರಬೇಕಾಯಿತು.

ಭೈರಪ್ಪನವರ ಕೃತಿ ಈ ತರ್ಕವನ್ನು ಒಪ್ಪುತ್ತದೆಯೇ, ಪ್ರಶ್ನಿಸುತ್ತದೆಯೇ? ಎರಡನ್ನೂ ಮಾಡುತ್ತದೆಂಬುದು ನಮ್ಮ ಅಭಿಪ್ರಾಯ. ಪ್ರಶ್ನಿಸುವ ಭಾಗವೇ ಶ್ರೇಷ್ಠವಾದುದು. ವಂಶದ ಪಾವಿತ್ರ್ಯವನ್ನು ಉಸಿರಿಗಿಂತ ಮಿಗಿಲೆಂದು ಬಾಳಿದ ಶ್ರೋತ್ರಿಗಳು ಮುಪ್ಪಿನಲ್ಲಿ ತಮ್ಮ ಹುಟ್ಟಿನ ನಿಜವನ್ನು ಅರಿಯುತ್ತಾರೆ. ತಮ್ಮನ ಮೇಲಣ ದ್ವೇಷದಿಂದ, ಆಸ್ತಿ ಅವನ ಕಡೆಗೆ ಹೋಗಬಾರದೆಂಬ ಹಟದಿಂದ, ತಂದೆಯೆನಿಸಿಕೊಂಡವನು ಪರಪುರುಷನಿಂದ ಮಗನನ್ನು ಪಡೆದಿದ್ದನು. ಆ ಮಗನೇ ತಾವು. ಊರಿನ ಲೆಕ್ಕದಲ್ಲಿ ಆ ತಂದೆತಾಯಿಗಳ ದಾಂಪತ್ಯ ಎಂದೂ ಮುರಿಯಲಿಲ್ಲ. ಅದರ ಅಡಿಗಲ್ಲು ದ್ವೇಷವಾಗಿತ್ತು. ಆ ಮನೆಯಲ್ಲಿಯೇ ಕಾದಂಬರಿಯ ಅತ್ಯಂತ ಧರ್ಮಿಷ್ಠನಾದ ಮನುಷ್ಯ ಬೆಳೆದನು. ಇಷ್ಟು ಭಯಂಕರವಾದ ವಿಪರ್ಯಾಸವನ್ನು ಹೊತ್ತ ಕೃತಿಯಿಂದ ‘ಸ್ಥಿರ ದಾಂಪತ್ಯವೇ ಸತ್ಸಂತಾನದ ಮೂಲ’ ಎಂಬ ಸೂತ್ರವನ್ನು ಹೇಗೆ ಹೆಕ್ಕಿ ತೆಗೆಯುತ್ತೇವೆಂಬುದು ಅಚ್ಚರಿಯೇ ಸರಿ. ರಕ್ತವಲ್ಲ, ಆಚರಿಸಿದ ಬಾಳು ಶ್ರೋತ್ರಿಯನ್ನು ಶ್ರೋತ್ರಿಯನ್ನಾಗಿ ಮಾಡಿತು. ಶ್ರೋತ್ರಿಗಳಿಗೇ ಅದು ಸಮಾಧಾನ ತರುವುದಿಲ್ಲವೆಂಬುದು ಅವರ ದುರಂತ. ವಾಚಕನಿಗೆ ಅದು ಕಾಣಿಸುತ್ತದೆಂಬುದು ಕಾದಂಬರಿಯ ಗೆಲುವು.

ಒಪ್ಪುವ ಭಾಗವು ಕಾತ್ಯಾಯಿನಿಯ ಉತ್ತರಕಥೆಯಲ್ಲಿದೆ. ಎರಡನೆಯ ದಾಂಪತ್ಯದಲ್ಲಿ ಅವಳ ಗರ್ಭಗಳು ಮತ್ತೆ ಮತ್ತೆ ನಿಲ್ಲದೆ ಹೋಗುತ್ತವೆ, ದೇಹ ಸೊರಗುತ್ತದೆ, ಮೈಸೂರಿನಲ್ಲಿ ಓದಲು ಬಂದ ಬೆಳೆದ ಮಗನಿಗೆ ತಾನು ತಾಯಿಯೆಂದು ಹೇಳಿಕೊಂಡಾಗ ಅವನು ಸ್ವೀಕರಿಸುವುದಿಲ್ಲ, ಕಡೆಗೆ ಸಾಯುತ್ತಾಳೆ. ಅಪರಾಧಪ್ರಜ್ಞೆ ಮನುಷ್ಯರನ್ನು ಒಳಗಿನಿಂದ ತಿನ್ನುತ್ತದೆಂಬುದು ನಿಜ. ಅದನ್ನು ಚಿತ್ರಿಸುವ ಹಕ್ಕು ಲೇಖಕರಿಗೆ ಉಂಟು. ಆದರೆ ಗರ್ಭಪಾತಕ್ಕೆ ಮನಸ್ಸಿನ ತಳಮಳ ಸಾಕಷ್ಟು ಕಾರಣವೇ? ಪಾತ್ರದ ಬಾಳಿನಲ್ಲಿ ನಡೆಯಬಹುದಾದ ಅನೇಕ ಸಂಗತಿಗಳಲ್ಲಿ ವಾದಕ್ಕೆ ಅನುಕೂಲವಾದ ಒಂದನ್ನೇ ಆರಿಸಿ, ಅದನ್ನು ಮತ್ತೆ ಮತ್ತೆ ನಡೆಯಿಸಿ, ಪ್ರಕೃತಿಯೇ ತೀರ್ಪುಕೊಟ್ಟಿತೆಂಬಂತೆ ತೋರಿಸಿದಾಗ ಸಾಕ್ಷ್ಯವು ಸಂದೇಹಾಸ್ಪದವಾಗುತ್ತದೆ. ಕಾತ್ಯಾಯಿನಿಗೆ ಆರೋಗ್ಯವಂತವಾದ ಇನ್ನೊಂದು ಮಗು ಹುಟ್ಟಿದ್ದರೆ ಪ್ರಶ್ನೆ ಇನ್ನೂ ಕಠಿನವಾಗುತ್ತಿತ್ತು. ಒಂದು ಮನೆಯಲ್ಲಿ ತಾಯಿಯಿಲ್ಲದ ಚೀನಿ, ಇನ್ನೊಂದು ಮನೆಯಲ್ಲಿ ಅವನ ತಮ್ಮ ಅಥವಾ ತಂಗಿ. ಆ ಕಾದಂಬರಿಯನ್ನು ಭೈರಪ್ಪನವರು ಬರೆಯಲಿಲ್ಲ.

ಚೀನಿಯ ವಿಷಯಕ್ಕೆ ಬಂದರೆ, ಅವನು ಕೆಡಲಿಲ್ಲ. ತಂದೆ ಸತ್ತು ತಾಯಿ ಬಿಟ್ಟುಹೋದ ಹುಡುಗ ತಾತನ ನೆರಳಿನಲ್ಲಿ, ಅಜ್ಜಿ ಭಾಗೀರತಮ್ಮನ ಮತ್ತು ಮನೆಯ ಆಳಾದ ಲಕ್ಷ್ಮಿಯ ಕೈಯಲ್ಲಿ ಚೆನ್ನಾಗಿಯೇ ಬೆಳೆದನು. ಲಕ್ಷ್ಮಿಯ ಹೆಸರನ್ನು ಪರೀಕ್ಷೆಯ ಉತ್ತರಗಳಲ್ಲಿ ನಾವು ಕಂಡುದು ಅಪರೂಪ. ರಕ್ತವಾಗಲಿ ವಿವಾಹವಾಗಲಿ ಅವಳನ್ನು ಆ ವಂಶಕ್ಕೆ ಸೇರಿಸಿಲ್ಲ. ವೃಕ್ಷದ ಯಾವ ಕೊಂಬೆಯ ಮೇಲೂ ಅವಳ ಹೆಸರಿಲ್ಲ. ಆದರೂ ಆ ಮನೆಯ ಸಾವುಗಳ ನಡುವೆ ಮಗುವಿಗೆ ಅನ್ನವಿಟ್ಟವರಲ್ಲಿ ಅವಳೊಬ್ಬಳು. ಚೀನಿಗೆ ಆದ ನಷ್ಟ ನಡತೆಯದಲ್ಲ, ಕ್ಷಮಿಸುವ ಶಕ್ತಿಯದು. ಸದಾಚಾರದಲ್ಲಿ ಬೆಳೆದ ಹುಡುಗ ಸದಾಚಾರದ ಬಲದಿಂದಲೇ ತಾಯಿಯನ್ನು ದೂರವಿಟ್ಟನು. ಮನೆ ಮುರಿದುದರ ಪರಿಣಾಮವನ್ನು ಮಕ್ಕಳ ಅಂಕಪಟ್ಟಿಯಲ್ಲೋ ಚಟಗಳಲ್ಲೋ ಹುಡುಕುವವರು ಇದನ್ನು ಗಮನಿಸಬೇಕು.

ಇದೇ ಕಾದಂಬರಿಯಲ್ಲಿ ಇನ್ನೊಂದು ಮನೆಯಿದೆ. ಇತಿಹಾಸಜ್ಞರಾದ ಸದಾಶಿವರಾಯರು ತಮ್ಮ ಬೃಹದ್ಗ್ರಂಥದ ಸಹಾಯಕ್ಕೆ ಬಂದ ಸಿಂಹಳದ ಕರುಣಾರತ್ನೆಯನ್ನು ಮದುವೆಯಾಗುತ್ತಾರೆ. ಹೆಂಡತಿ ನಾಗಲಕ್ಷ್ಮಿ ಮತ್ತು ಮಗ ಪೃಥ್ವಿ ಉಳಿಯುತ್ತಾರೆ. ವಿದ್ವತ್ತಿನ ಹೆಸರಿನಲ್ಲಿ ನಡೆದ ಈ ಪರಿತ್ಯಾಗಕ್ಕೆ ಕಾದಂಬರಿ ಕಾತ್ಯಾಯಿನಿಯ ಮೇಲೆ ಹೊರಿಸಿದಷ್ಟು ಭಾರವನ್ನು ಹೊರಿಸುವುದಿಲ್ಲ. ರಾಯರು ದಣಿದು ಸಾಯುತ್ತಾರೆ, ನಿಜ. ಆದರೆ ಸಂಪುಟಗಳ ಮಹತ್ವ ಅವರನ್ನು ಕಾಯುತ್ತದೆ. ಪೃಥ್ವಿಯನ್ನು ಸಾಕುವವರು ಯಾರು? ರಾಮನಾಮ ಬರೆಯುವುದರಲ್ಲಿ ದುಃಖವನ್ನು ಕಳೆಯುವ ತಾಯಿ, ಚಿಕ್ಕಪ್ಪ ರಾಜ, ಮತ್ತು ಚಿಕ್ಕಮ್ಮ ಕಾತ್ಯಾಯಿನಿ! ಸ್ವಂತ ಮಗನನ್ನು ಬಿಟ್ಟುಬಂದವಳೆಂದು ಖಂಡಿತಳಾದವಳು ಇನ್ನೊಬ್ಬರು ಬಿಟ್ಟುಹೋದ ಮಗನಿರುವ ಮನೆಯನ್ನು ನಡೆಸುತ್ತಾಳೆ. ಕಥೆಯೊಳಗೆ ಇಷ್ಟು ಹತ್ತಿರದಲ್ಲಿದ್ದ ಈ ಸಾಮ್ಯವನ್ನು ಲೇಖಕರು ಬೆಳೆಸದೆ ಹಾದುಹೋದುದು ಕೃತಿಯ ದೊಡ್ಡ ಕೊರತೆಯೆಂದು ನಾವು ಭಾವಿಸುತ್ತೇವೆ. ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಒಂದೇ ಕೆಲಸವನ್ನು ಮಾಡಿರುವಾಗ ತಕ್ಕಡಿಯ ಎರಡು ತಟ್ಟೆಗಳೂ ಒಂದೇ ಸಮನಾಗಿ ತೂಗಬೇಕಾಗಿತ್ತು.

ಐದು ವರ್ಷಗಳ ಅನಂತರ ಬಂದ ‘ಗೃಹಭಂಗ’ದಲ್ಲಿ ವಾದವಿಲ್ಲ. ಅದಕ್ಕಾಗಿಯೇ ಅದು ಮೇಲಾದ ಕೃತಿ. ರಾಮಸಂದ್ರದ ಶಾನುಭೋಗ ಚೆನ್ನಿಗರಾಯನಿಗೂ ನಂಜಮ್ಮನಿಗೂ ನಡೆದ ಮದುವೆ ಶಾಸ್ತ್ರೋಕ್ತವಾದುದು. ನಂಜಮ್ಮ ಸಾಯುವವರೆಗೂ ಅದು ಊರ್ಜಿತದಲ್ಲಿತ್ತು. ಯಾರೂ ಯಾರನ್ನೂ ಬಿಟ್ಟುಹೋಗಲಿಲ್ಲ. ಭಂಗವಾದುದು ಗೃಹ. ಹೆಸರನ್ನಿಡುವಾಗ ಲೇಖಕರು ‘ದಾಂಪತ್ಯಭಂಗ’ವೆನ್ನದೆ ‘ಗೃಹಭಂಗ’ವೆಂದುದನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಅತ್ತೆ ಗಂಗಮ್ಮನ ಬಾಯಿ ಮತ್ತು ಅವಿವೇಕ, ಸಾಲದಲ್ಲಿ ಹೋದ ಹೊಲಗದ್ದೆ, ಹೊಟ್ಟೆಯನ್ನು ಬಿಟ್ಟು ಬೇರೊಂದನ್ನರಿಯದ ಗಂಡ, ಬುದ್ಧಿ ಬೆಳೆಯದ ಮೈದುನ. ಇವುಗಳ ನಡುವೆ ನಂಜಮ್ಮ ಗಂಡನ ಹೆಸರಿನಲ್ಲಿರುವ ಶಾನುಭೋಗಿಕೆಯ ಲೆಕ್ಕಗಳನ್ನು ತಾನು ಬರೆಯುತ್ತಾಳೆ, ಮುತ್ತುಗದೆಲೆ ಹಚ್ಚುತ್ತಾಳೆ, ಮಕ್ಕಳನ್ನು ಓದಿಸುತ್ತಾಳೆ, ಕಡೆಗೆ ಒಂದು ಮನೆ ಕಟ್ಟಿಸುವುದಕ್ಕೂ ತೊಡಗುತ್ತಾಳೆ.

ಲೆಕ್ಕದ ಪುಸ್ತಕಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅಕ್ಷರ ಅವಳದು, ರುಜು ಮತ್ತು ವರ್ಷಾಸನ ಗಂಡನವು. ಸರ್ಕಾರದ ದಫ್ತರದಲ್ಲಿ ಆ ಮನೆಯ ಯಜಮಾನ ಒಬ್ಬ ದುಡಿಯುವ ಗೃಹಸ್ಥ. ಒಲೆಯ ಮುಂದೆ ಅವನು ನಾಲ್ಕನೆಯ ಮಗು. ದಫ್ತರವನ್ನು ನೋಡಿ ಕುಟುಂಬಗಳ ಸ್ಥಿರತೆಯನ್ನು ಎಣಿಸುವವನು ರಾಮಸಂದ್ರದ ಈ ಮನೆಯನ್ನು ಸುಸ್ಥಿತಿಯ ಕಲಮಿನಲ್ಲಿ ಬರೆದುಕೊಂಡು ಹೋಗುತ್ತಿದ್ದನು. ಮಗು ಏನನ್ನು ಕಂಡಿತೆಂಬುದನ್ನು ಬರೆಯುವ ಕಲಮು ಆ ಪುಸ್ತಕದಲ್ಲಿಲ್ಲ, ಕಾದಂಬರಿಯಲ್ಲಿದೆ. ಪಾರ್ವತಿ, ರಾಮಣ್ಣ, ವಿಶ್ವ ಮೂವರೂ ತಾಯಿಯನ್ನು ನೋಡುತ್ತಲೇ ಬೆಳೆಯುತ್ತಾರೆ. ತಂದೆಯಿಂದ ಅವರು ಕಲಿತುದು ಒಂದೂ ಇಲ್ಲ, ಆದರೆ ಅವನಂತೆ ಆಗಲೂ ಇಲ್ಲ. ನಾಗವೇಣಿ ಮತ್ತು ನಂಜಮ್ಮ ಇಬ್ಬರನ್ನೂ ಅಕ್ಕಪಕ್ಕದಲ್ಲಿಟ್ಟು ಓದುವುದು ಲಾಭದಾಯಕ. ಒಬ್ಬಳಿಗೆ ಪಿಟೀಲಿತ್ತು, ಇನ್ನೊಬ್ಬಳಿಗೆ ಅದೂ ಇರಲಿಲ್ಲ.

ನಂಜಮ್ಮನ ಪರಿಶ್ರಮಕ್ಕೆ ಫಲ ಬರುವ ಹೊತ್ತಿಗೆ ಪ್ಲೇಗು ಬರುತ್ತದೆ. ಮದುವೆಯಾದ ಮಗಳೂ ಓದುವ ಮಗನೂ ಒಂದೇ ಸುತ್ತಿನಲ್ಲಿ ಹೋಗುತ್ತಾರೆ. ಮುಂದೆ ತಾಯಿಯೂ ಅದೇ ರೋಗಕ್ಕೆ ತುತ್ತಾಗುತ್ತಾಳೆ. ಇದನ್ನು ವಿಧಿಯ ಆಟವೆಂದು ಕರೆದು ಮುಗಿಸುವುದುಂಟು. ಕಾತ್ಯಾಯಿನಿಯ ಗರ್ಭಪಾತಗಳನ್ನು ಆಕ್ಷೇಪಿಸಿದ ನಾವು ಈ ಸಾವುಗಳನ್ನು ಹೇಗೆ ಒಪ್ಪುತ್ತೇವೆಂದು ವಾಚಕರು ಕೇಳಬಹುದು. ವ್ಯತ್ಯಾಸವಿದೆ. ಪ್ಲೇಗು 1898ರಿಂದ ಮೊದಲ್ಗೊಂಡು ಮೈಸೂರು ಸೀಮೆಯ ಹಳ್ಳಿಗಳನ್ನು ದಶಕಗಳ ಕಾಲ ಕಾಡಿದ ನಿಜವಾದ ಪಿಡುಗು. ಇಲಿ ಬಿದ್ದರೆ ಊರೇ ಹೊರಗಿನ ಗುಡಿಸಲುಗಳಿಗೆ ಹೋಗುತ್ತಿತ್ತು. ಅದು ಪಾಪಿಷ್ಠರನ್ನೂ ಪುಣ್ಯವಂತರನ್ನೂ ವಿಂಗಡಿಸದೆ ಕೊಂಡೊಯ್ದಿತು, ಕಾದಂಬರಿಯಲ್ಲಿಯೂ ಹಾಗೆಯೇ. ಗಂಗಮ್ಮ ಬದುಕಿದಳು, ಚೆನ್ನಿಗರಾಯ ಬದುಕಿದನು. ಇಲ್ಲಿ ಸಾವು ಯಾರ ಮೇಲಿನ ತೀರ್ಪೂ ಅಲ್ಲ. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ 1996ರಲ್ಲಿ ಪ್ರಕಟವಾದಾಗ ಈ ಕಾದಂಬರಿಯ ನೆಲ ಅವರ ಸ್ವಂತ ಬಾಲ್ಯದ್ದೆಂಬುದು ವಾಚಕರಿಗೆ ಸ್ಪಷ್ಟವಾಯಿತು. 2025ರಲ್ಲಿ ಅವರು ತೀರಿಕೊಂಡಾಗ ಅನೇಕರು ಅವರ ಇತರ ಕೃತಿಗಳ ವಾದವಿವಾದಗಳನ್ನು ನೆನೆದರು. ನಮಗೆ ನೆನಪಾದುದು ಮುತ್ತುಗದೆಲೆ ಹಚ್ಚುವ ಆ ಕೈ.

ಉಳಿದವನು ವಿಶ್ವ ಒಬ್ಬನೇ. ತಂದೆ ಬದುಕಿದ್ದಾನೆ, ಅಜ್ಜಿ ಬದುಕಿದ್ದಾಳೆ. 1890ರ ಪೋಷಕರ ಶಾಸನವನ್ನು ಹಿಡಿದು ನೋಡಿದರೂ, ಊರಿನ ರೂಢಿಯನ್ನು ಕೇಳಿದರೂ, ಹುಡುಗ ಅವರಿಗೆ ಸೇರಿದವನು. ಕಾದಂಬರಿಯ ಕೊನೆಯಲ್ಲಿ ಅವನ ಕೈಹಿಡಿದು ಊರುಬಿಡುವವರು ಮಹಾದೇವಯ್ಯನವರು: ಭಿಕ್ಷೆಯೆತ್ತಿ ಬಾಳ್ವ ಜಂಗಮರು, ಬೇರೆ ಮತದವರು, ಹೆಂಡತಿ ಮಕ್ಕಳಿಲ್ಲದವರು, ತಮ್ಮದೆಂಬ ಮನೆಯೂ ಇಲ್ಲದವರು. ರಕ್ತ, ಕಾನೂನು, ಜಾತಿ, ವಿವಾಹ ಇವುಗಳಲ್ಲಿ ಯಾವುದೊಂದೂ ಅವರ ಪಕ್ಷದಲ್ಲಿಲ್ಲ. ನಂಜಮ್ಮ ಬದುಕಿದ್ದಾಗ ಅವಳ ಮಾತಿಗೆ ಬೆಲೆಕೊಟ್ಟು ಆ ಮನೆಯ ಕಷ್ಟಸುಖ ವಿಚಾರಿಸುತ್ತಿದ್ದರು ಎಂಬುದಷ್ಟೇ ಅವರಿಗಿದ್ದ ಅಧಿಕಾರ. ಹಲವು ವರ್ಷಗಳಿಂದ ಈ ಕೃತಿಯನ್ನು ಬೋಧಿಸುತ್ತ ಬಂದಿರುವ ನಾವು ತರಗತಿಯಲ್ಲಿ ಈ ಭಾಗ ಮುಗಿದೊಡನೆ ಒಂದು ಪ್ರಶ್ನೆ ಕೇಳುವುದುಂಟು: ಹುಡುಗನನ್ನು ತಂದೆಯ ಬಳಿಯೇ ಬಿಡಬೇಕಾಗಿತ್ತು ಎನ್ನುವವರು ಯಾರಾದರೂ ಇದ್ದೀರಾ? ಸರಪಣಿಯ ಸೂತ್ರವನ್ನು ಅಚ್ಚುಕಟ್ಟಾಗಿ ಬರೆದುಕೊಟ್ಟ ವಿದ್ಯಾರ್ಥಿಗಳೂ ಅಲ್ಲಿರುತ್ತಾರೆ. ಇದುವರೆಗೆ ಒಬ್ಬರೂ ಕೈಯೆತ್ತಿಲ್ಲ.